ಬಂದು ಹೋಗುವ ಸಂಪರ್ಕ: ಒಂದು ದೋಷವಿಚಾರ

ಪೂರ್ಣವಾಗಿ ಕೆಟ್ಟುನಿಂತ ಯಂತ್ರದ ದೋಷವನ್ನು ಕಂಡುಹಿಡಿಯುವುದು ಸುಲಭ. ಆಗಾಗ ಕೆಟ್ಟು ತಾನಾಗಿಯೇ ಸರಿಹೋಗುವ ಯಂತ್ರದ ದೋಷವನ್ನು ಹಿಡಿಯುವುದು ಕಠಿನ. ಪರೀಕ್ಷಿಸಲು ಬಂದವನೆದುರು ಅದು ಸಾಧುವಿನಂತೆ ನಡೆದುಕೊಳ್ಳುತ್ತದೆ. ನಮ್ಮ ಶಾಲೆಯ ಕಚೇರಿಯ ಗಣಕಯಂತ್ರಕ್ಕೆ ಕಳೆದ ವರ್ಷ ಇಂಥ ವ್ಯಾಧಿಯೇ ತಗುಲಿತ್ತು. ಹತ್ತನೆಯ ತರಗತಿಯ ಮಕ್ಕಳ ಹೆಸರುಗಳನ್ನು ಪರೀಕ್ಷೆಗೆ ನೋಂದಾಯಿಸುವ ಕಡೆಯ ದಿನಗಳವು. ಗುಮಾಸ್ತರು ವಿವರಗಳನ್ನೆಲ್ಲ ತುಂಬಿ ಒಪ್ಪಿಸುವಷ್ಟರಲ್ಲಿ ಸಂಪರ್ಕ ತಪ್ಪುವುದು, ಮರುಗಳಿಗೆ ಬರುವುದು, ತುಂಬಿದ್ದೆಲ್ಲವೂ ಹೋಗಿರುವುದು. ಹೆಸರು ಸೇರದಿದ್ದರೆ ಮಗುವಿನ ಒಂದು ವರ್ಷವೇ ಹಾಳಾದೀತು. ವ್ಯಾಕರಣ ಹೇಳುವ ಪಂಡಿತನಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ತರ್ಕಶಾಸ್ತ್ರದ ಅನ್ವಯ-ವ್ಯತಿರೇಕಗಳೇ ಇಲ್ಲಿ ದಾರಿ ತೋರಿದುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಒಂದು ಇದ್ದಾಗ ಮತ್ತೊಂದು ಇರುವುದು ಅನ್ವಯ. ಅದಿಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಪದ್ಯಕ್ಕೆ ನಾವು ಹೇಳುವ ಅನ್ವಯ ಬೇರೆ, ಇದು ಬೇರೆ. ಕಾರಣವನ್ನು ನಿಶ್ಚಯಿಸಲು ಎರಡೂ ಬೇಕು. ಆದುದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ತಂತಿ, ಸ್ವಿಚ್ಚು, ಯಂತ್ರ ಮೂರನ್ನೂ ಒಟ್ಟಿಗೆ ಬದಲಿಸಿದರೆ ರೋಗ ಹೋದರೂ ಯಾವ ಮದ್ದಿನಿಂದ ಹೋಯಿತೆಂಬುದು ತಿಳಿಯದು.

ಮೊದಲು ನೋಡಬೇಕಾದುದು ತಂತಿ ಸೇರುವೆಡೆಯ ಪುಟ್ಟ ದೀಪ. ಸಂಪರ್ಕ ತಪ್ಪಿದಾಗ ಅದೂ ಆರಿದರೆ ದೋಷವು ತಂತಿಯಲ್ಲಿಯೋ ಅದರ ಎರಡು ತುದಿಗಳಲ್ಲಿಯೋ ಇರುವ ಸಂಭವ ಹೆಚ್ಚು. ವಿದ್ಯುತ್ತನ್ನು ಉಳಿಸಲೆಂದು ಯಂತ್ರವೇ ಜಾಲದ ಕಾರ್ಡನ್ನು ಮಲಗಿಸುವುದೂ ಉಂಟು. ಆ ಏರ್ಪಾಡನ್ನು ತೆಗೆದುಹಾಕಬೇಕು. ದೀಪ ಉರಿಯುತ್ತಿದ್ದೂ ಸಂಪರ್ಕ ಹೋದರೆ ಎರಡು ಯಂತ್ರಗಳಿಗೆ ಒಂದೇ ಐಪಿ ವಿಳಾಸ ಬಿದ್ದಿರಬಹುದು. ಎರಡು ಮನೆಗಳಿಗೆ ಒಂದೇ ಸಂಖ್ಯೆಯಿದ್ದರೆ ಅಂಚೆಯವನು ತಬ್ಬಿಬ್ಬಾಗುವುದಿಲ್ಲವೆ? ಇನ್ನು, ಪಿಂಗ್ ಎಂಬ ಆಜ್ಞೆಯಿಂದ ಕಚೇರಿಯ ರೌಟರನ್ನೂ ಹೊರಗಿನ ಒಂದು ವಿಳಾಸವನ್ನೂ ಎಡೆಬಿಡದೆ ಕೂಗಿ ನೋಡಬೇಕು. ರೌಟರು ಓಗೊಡುತ್ತಿದ್ದು ಹೊರಗಿನದು ಮಾತ್ರ ಮೌನವಾದರೆ ನಮ್ಮ ಒಳತಂತಿ ನಿರ್ದೋಷಿ. ನಮ್ಮಲ್ಲಿ ಎರಡೂ ಮೌನ, ದೀಪವೂ ಆರುತ್ತಿತ್ತು.

ಗುಮಾಸ್ತರು ಎರಡು ದಿನ ಸಂಪರ್ಕ ತಪ್ಪಿದ ವೇಳೆಯನ್ನು ಬರೆದಿಟ್ಟರು. ಅವುಗಳಲ್ಲಿ ಕ್ರಮವೇ ಕಾಣಲಿಲ್ಲ. ಮೂರನೆಯ ದಿನ ಜವಾನನು ದಾಖಲೆ ಪುಸ್ತಕಕ್ಕಾಗಿ ಉಕ್ಕಿನ ಬೀರುವನ್ನು ತೆರೆದನು, ದೀಪ ಆರಿತು. ಮುಚ್ಚಿದನು, ಹೊತ್ತಿತು. ಬೀರುವಿನ ಬಾಗಿಲು ಗೋಡೆಯಂಚಿನ ತಂತಿಯನ್ನು ಒತ್ತುತ್ತಿತ್ತು. ಇದು ಅನ್ವಯ. ಅದೇ ತಂತಿಯನ್ನು ಅಲ್ಲಿಂದ ಸರಿಸಿ ಹತ್ತು ಸಲ ಬಾಗಿಲು ತೆರೆದೆವು, ದೀಪ ಅಲುಗಲಿಲ್ಲ. ಇದು ವ್ಯತಿರೇಕ. ಆಮೇಲೆ ಒತ್ತಿದ ಜಾಗವನ್ನು ಕೈಯಲ್ಲೇ ಬಾಗಿಸಲು ಮತ್ತೆ ಆರಿತು.

ಹೊರಗಿನ ಕವಚ ನೆಟ್ಟಗಿತ್ತು. ಕೊಯ್ದು ನೋಡಿದರೆ ಒಳಗಿನ 8 ಎಳೆಗಳಲ್ಲಿ ಕಿತ್ತಳೆ ಬಣ್ಣದ್ದೊಂದು ತುಂಡಾಗಿ, ತುದಿಗಳು ಮುಟ್ಟುತ್ತ ಬಿಡುತ್ತ ಇದ್ದವು. ನಮ್ಮ ಸ್ವಿಚ್ಚಿನ ವೇಗ ಸೆಕೆಂಡಿಗೆ 100 ಮೆಗಾಬಿಟ್. ಆ ವೇಗಕ್ಕೆ ಬೇಕಾಗುವುದು 4 ಎಳೆಗಳು ಮಾತ್ರ, ದುರ್ದೈವದಿಂದ ಇದು ಅವುಗಳಲ್ಲಿ ಒಂದು. 1000ದ ವೇಗಕ್ಕೆ 8 ಎಳೆಗಳೂ ಬೇಕು. ಅಲ್ಲಿ ಎಳೆ ಕಡಿದಾಗ ಸಂಪರ್ಕ ನಿಲ್ಲದೆ ವೇಗ ಮಾತ್ರ 100ಕ್ಕೆ ಇಳಿಯುವುದೂ ಉಂಟು.

ತುಂಡನ್ನು ಹೆಣೆದು ಟೇಪು ಸುತ್ತೋಣವೆಂದು ಒಬ್ಬರು ಸೂಚಿಸಿದರು. ಅದು ಸಲ್ಲದು. ಜೋಡಿ ಎಳೆಗಳನ್ನು ಒಂದಕ್ಕೊಂದು ಹೊಸೆದಿರುವುದು ಅಂದಕ್ಕಲ್ಲ. ಹೊರಗಿನ ವಿದ್ಯುತ್ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ವ್ಯರ್ಥವಾಗಲೆಂದು. ಹೊಸೆತ ಬಿಚ್ಚಿದಷ್ಟೂ ಆ ರಕ್ಷೆ ತಪ್ಪುತ್ತದೆ. ಹೊಸ ತಂತಿಯನ್ನೇ ತರಿಸಿ, ದೀಪ ಫ್ಯಾನುಗಳ ವಿದ್ಯುತ್ ತಂತಿಗೆ ಅಂಟದಂತೆ ಗೋಡೆಯ ಮೇಲ್ಗಡೆ ಎಳೆಸಿದೆವು. ಇಂಥ ತಂತಿಯ ಮಿತಿ 100 ಮೀಟರು. ನಮ್ಮದು 20ನ್ನೂ ಮೀರದು.

ಉಳಿದ ಮಕ್ಕಳ ಹೆಸರುಗಳೆಲ್ಲ ಅಂದೇ ಸಂಜೆ ಸೇರಿದವು. ಕಡಿದ ತಂತಿಯ ತುಂಡು ಈಗ ನನ್ನ ಮೇಜಿನ ಮೇಲಿದೆ. ಅನ್ವಯ-ವ್ಯತಿರೇಕ ಹೇಳುವಾಗ ಹೊಗೆ ಬೆಂಕಿಗಳಿಗೆ ಬದಲಾಗಿ ಅದನ್ನೇ ತೋರಿಸುತ್ತೇನೆ.