ಮುಂಗಡ ಊಟದ ಲೆಕ್ಕಾಚಾರ

ಅಮೆರಿಕಾ ದೇಶದಲ್ಲಿ ನೆಲಸಿರುವ ನಮ್ಮವರು, ಊರಿನಿಂದ ಬಂದ ತಂದೆತಾಯಿಗಳನ್ನು ಫ್ಲಾರಿಡಾ ಪ್ರಾಂತ್ಯದ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿನೋದೋದ್ಯಾನಕ್ಕೆ ಕರೆದೊಯ್ಯುವುದುಂಟು. ಆ ಸಂಸ್ಥೆಯ ವಸತಿಗೃಹಗಳಲ್ಲಿ ಇಳಿದುಕೊಳ್ಳುವವರು ಊಟದ ಹಣವನ್ನು ಮುಂಗಡವಾಗಿಯೇ ಕಟ್ಟಬಹುದು. 2020ರಲ್ಲಿ ನಿಂತುಹೋದ ಈ ಏರ್ಪಾಡು 2024ರಲ್ಲಿ ಪುನಃ ಪ್ರಾರಂಭವಾದಾಗ, ಅಗ್ಗದ ದರ್ಜೆಗೆ ವಯಸ್ಕರೊಬ್ಬರಿಗೆ ರಾತ್ರಿಯೊಂದಕ್ಕೆ ಸುಮಾರು 57 ಡಾಲರು ದರವಿದ್ದಿತು. ಪ್ರತಿಯಾಗಿ ದೊರೆಯುವುದು ಪಾನೀಯಸಹಿತವಾದ ಎರಡು ಊಟ, ಒಂದು ತಿಂಡಿ, ವಸತಿಗೃಹದಲ್ಲಿ ಬೇಕಾದಾಗ ತುಂಬಿಸಿಕೊಳ್ಳುವ ಲೋಟ.

ಇದರಿಂದ ಉಳಿತಾಯವುಂಟೆ? ಮಾಂಸದ ದುಬಾರಿ ಖಾದ್ಯವಾಗಲಿ, ಸೊಪ್ಪುತರಕಾರಿಯ ತಟ್ಟೆಯಾಗಲಿ, ಒಂದು ಊಟವೆಂದೇ ಲೆಕ್ಕ. 21 ವರ್ಷ ತುಂಬಿದವರಿಗೆ ಪಾನೀಯವೆಂದರೆ ಮದ್ಯವೂ ಆಗಬಹುದು. ಮದ್ಯಮಾಂಸಗಳನ್ನು ಮುಟ್ಟದ ಅಜ್ಜಿ ತಾತಂದಿರು ಪರರ ಪಾನಗೋಷ್ಠಿಗೆ ಕಪ್ಪ ತೆತ್ತಂತಾಯಿತು! ಒಬ್ಬರು ಕೊಂಡರೆ ಬಿಡಾರದವರೆಲ್ಲರೂ ಕೊಳ್ಳಬೇಕೆಂಬ ನಿಯಮ ಬೇರೆ. ತಿನ್ನದೆ ಉಳಿದ ಊಟಕ್ಕೆ ಹಣ ಹಿಂದಿರುಗದು.

ಸಸ್ಯಾಹಾರದ ಊಟಕ್ಕೆ 16, ಪಾನೀಯಕ್ಕೆ 5, ತಿಂಡಿಗೆ 7 ಡಾಲರೆಂದು ಇಟ್ಟುಕೊಂಡರೂ ದಿನಕ್ಕೆ 49 ಆಗುತ್ತದೆ. ಕೇಳಿದವರಿಗೆ ತಣ್ಣೀರು ಧರ್ಮಾರ್ಥ. ಅದನ್ನೇ ಕುಡಿಯುವವರಿಗೆ 39. ಆದುದರಿಂದ ಇಂತಹ ಕುಟುಂಬವು ಆಗಿಂದಾಗ್ಗೆ ಕಾಸು ಕೊಟ್ಟು ಉಣ್ಣುವುದೇ ಲೇಸು. ಉದ್ಯಾನದೊಳಕ್ಕೆ ಬುತ್ತಿಯನ್ನು ಒಯ್ಯಲು ಅಡ್ಡಿಯಿಲ್ಲ. ಗಾಜಿನ ಪಾತ್ರೆ ಮಾತ್ರ ಕೂಡದು. ಚಪಾತಿ, ಚಟ್ನಿಪುಡಿಗಳಿಗೆ ಅದರ ಅವಶ್ಯಕತೆಯಾದರೂ ಏನು?