ಚರಂಡಿಯಿಂದ ಜಿಮ್ ಡಬ್ಬಿಗೆ

ಕುದಿಯುವ ಹಾಲಿಗೆ ನಿಂಬೆರಸ ಹಿಂಡಿ ಪನೀರ್ ಮಾಡುವಾಗ ಬಟ್ಟೆಯಿಂದ ಸೋರಿ ಪಾತ್ರೆ ತುಂಬುವ ಹಸಿರು ಮಿಶ್ರಿತ ಹಳದಿ ತಿಳಿಯನ್ನು ಕೆಲವರು ಚಪಾತಿ ಹಿಟ್ಟಿಗೋ ಸಾರಿಗೋ ಬಳಸುತ್ತಾರೆ. ಉಳಿದವರು ಸಿಂಕಿಗೆ ಸುರಿಯುತ್ತಾರೆ. ಚೀಸ್ ಕಾರ್ಖಾನೆಗಳಲ್ಲಿ ಉಳಿಯುವ ಇಂಥದ್ದೇ ತಿಳಿಯನ್ನು ಸೋಸಿ, ಒಣಗಿಸಿ, ಚಾಕೊಲೇಟ್ ರುಚಿ ಬೆರೆಸಿ ಡಬ್ಬಿಗೆ ತುಂಬಿದರೆ ಬೆಲೆ ಸಾವಿರಗಳ ಲೆಕ್ಕಕ್ಕೆ ಏರುತ್ತದೆ. ತಾಲ್ಲೂಕು ಕೇಂದ್ರದ ಜಿಮ್‌ನ ಗಾಜಿನ ಕಪಾಟಿನಲ್ಲೂ ಈಗ ಕಾಣುವ ವೇ ಪ್ರೋಟೀನ್ ಡಬ್ಬಿ ಅದೇ.

ಪುಡಿ ಹುಟ್ಟುವ ಎಷ್ಟೋ ಮೊದಲೇ ಅದಕ್ಕೆ ಬೇಕಾದ ನಂಬಿಕೆ ಹುಟ್ಟಿತ್ತು. ಸ್ನಾಯು ದುಡಿದಾಗ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ, ಆ ನಷ್ಟವನ್ನು ಪ್ರೋಟೀನ್ ಮಾತ್ರ ತುಂಬಬಲ್ಲದು ಎಂದು 1842ರಲ್ಲಿ ವಾದಿಸಿದವರು ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್. ಅವರ ಹೆಸರಿನ ಮಾಂಸಸಾರ ಉರುಗ್ವೆಯ ಫ್ರೇ ಬೆಂಟೋಸ್‌ನಲ್ಲಿ ತಯಾರಾಗಿ ಯುರೋಪಿನ ತುಂಬ ಮಾರಾಟವಾಯಿತು. ಆ ಗಟ್ಟಿ ಕಂದು ರಸದಲ್ಲಿ ಪ್ರೋಟೀನ್ ಇದ್ದದ್ದು ಅತ್ಯಲ್ಪ ಎಂಬುದು ಬೇರೆ ಮಾತು.

ಲೀಬಿಗ್ ಅವರ ವಾದವನ್ನು ಇಬ್ಬರು ಪ್ರಾಧ್ಯಾಪಕರು ಬೆಟ್ಟ ಹತ್ತಿ ಪರೀಕ್ಷಿಸಿದರು. ಜೂರಿಕ್‌ನ ಅಡಾಲ್ಫ್ ಫಿಕ್ ಮತ್ತು ಯೊಹಾನೆಸ್ ವಿಸ್ಲಿಸೆನಸ್ 1865ರ ಆಗಸ್ಟ್ 30ರ ಬೆಳಗಿನ ಜಾವ ಬ್ರೀನ್ಸ್ ಸರೋವರದ ದಂಡೆಯಿಂದ ಹೊರಟು ಸುಮಾರು 2,680 ಮೀಟರ್ ಎತ್ತರದ ಫೌಲ್‌ಹಾರ್ನ್ ಶಿಖರ ಏರಿದರು. ಹಿಂದಿನ ದಿನ ಮಧ್ಯಾಹ್ನದಿಂದಲೇ ಅವರು ಮಾಂಸ, ಮೊಟ್ಟೆ, ಕಾಳು ಮುಟ್ಟಿರಲಿಲ್ಲ. ಕೊಬ್ಬಿನಲ್ಲಿ ಕರಿದ ಪಿಷ್ಟದ ಬಿಲ್ಲೆ, ಸಕ್ಕರೆ ಹಾಕಿದ ಚಹಾ, ಸ್ವಲ್ಪ ಬಿಯರ್, ವೈನ್ ಅಷ್ಟೇ ಆಹಾರ. ದಾರಿಯುದ್ದಕ್ಕೂ ತಮ್ಮ ಮೂತ್ರವನ್ನು ಶೀಶೆಗಳಲ್ಲಿ ಹಿಡಿದಿಟ್ಟರು. ದೇಹದಲ್ಲಿ ಪ್ರೋಟೀನ್ ಸುಟ್ಟರೆ ಅದರ ಸಾರಜನಕ ಮೂತ್ರದಲ್ಲಿ ಹೊರಬೀಳಲೇಬೇಕು ಎಂಬುದು ಲೆಕ್ಕ. ಕೆಳಗಿಳಿದು ಅಳೆದು ನೋಡಿದರೆ, ಅಷ್ಟು ಪ್ರೋಟೀನ್ ಸುಟ್ಟ ಶಕ್ತಿ ಅವರ ಮೈಭಾರವನ್ನು ಶಿಖರಕ್ಕೆ ಎತ್ತಲೂ ಸಾಲುವಂತಿರಲಿಲ್ಲ. ಅವರನ್ನು ಮೇಲೆ ಹತ್ತಿಸಿದ್ದು ಪಿಷ್ಟ ಮತ್ತು ಕೊಬ್ಬು. ರಾಗಿ ಮುದ್ದೆ ಉಂಡು ಗದ್ದೆಗೆ ಹೋಗುವವರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ.

ವಿಜ್ಞಾನ ಹಾಗೆ ತಿದ್ದಿಕೊಂಡರೂ ವ್ಯಾಪಾರ ತಿದ್ದಿಕೊಳ್ಳಲಿಲ್ಲ. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ದೇಹದಾರ್ಢ್ಯ ಸ್ಪರ್ಧೆ ನಡೆಸಿ, ಕಾನನ್ ಡಾಯ್ಲ್ ಅವರನ್ನು ತೀರ್ಪುಗಾರರಾಗಿ ಕೂರಿಸಿದ ಯೂಜೀನ್ ಸ್ಯಾಂಡೋ, ಪ್ಲಾಸ್ಮಾನ್ ಎಂಬ ಹಾಲಿನ ಪ್ರೋಟೀನ್ ಪುಡಿಯ ಜಾಹೀರಾತಿಗೆ ಹೆಸರು ಕೊಟ್ಟರು. ಇಂದಿನ ಡಬ್ಬಿಗಳ ಮುತ್ತಜ್ಜ ಅದು. ಮಾರ್ಕ್ ಟ್ವೇನ್ ಕೂಡ ಆ ಕಂಪನಿಯಲ್ಲಿ ಹಣ ಹೂಡಿದ್ದರು. ಸ್ಯಾಂಡೋ ಭಾರತಕ್ಕೂ ಬಂದು ಹೋದರು, ಅವರ ವ್ಯಾಯಾಮ ಪದ್ಧತಿಯ ಪ್ರಭಾವ ಇಲ್ಲಿ ಬಹುಕಾಲ ಉಳಿಯಿತು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ, ‘ಶಾಂತಲಾ’ ಕಾದಂಬರಿಯ ಕೆ.ವಿ. ಅಯ್ಯರ್ ಅವರಂಥವರು ಆ ಪರಂಪರೆಗೆ ಸೂರ್ಯನಮಸ್ಕಾರವನ್ನೂ ಸೇರಿಸಿಕೊಂಡು ಬೆಳೆಸಿದರು.

ಪುಡಿಯನ್ನು ನಿಜವಾದ ದಂಧೆಯಾಗಿಸಿದ್ದು ಅಮೆರಿಕದ ಯಾರ್ಕ್ ಪಟ್ಟಣ. ಅಲ್ಲಿ ಬಾರ್ಬೆಲ್ ತಯಾರಿಸುತ್ತಿದ್ದ, ಅಮೆರಿಕದ ಒಲಿಂಪಿಕ್ ಭಾರ ಎತ್ತುವ ತಂಡಕ್ಕೆ ತರಬೇತುದಾರರೂ ಆಗಿದ್ದ ಬಾಬ್ ಹಾಫ್‌ಮನ್ 1950ರ ದಶಕದ ಆರಂಭದಲ್ಲಿ ‘ಹೈ-ಪ್ರೋಟೀನ್’ ಎಂಬ ಸೋಯಾ ಪುಡಿ ಮಾರಲು ಶುರುಮಾಡಿದರು. ದೊಡ್ಡ ಪೀಪಾಯಿಯಲ್ಲಿ ಸೋಯಾ ಹಿಟ್ಟು, ಚಾಕೊಲೇಟ್ ಸುರಿದು ದೋಣಿಯ ಹುಟ್ಟಿನಿಂದ ಕಲಕಿ, ಬೆರಳಲ್ಲಿ ಅದ್ದಿ ರುಚಿ ನೋಡುತ್ತಿದ್ದರೆಂದು ಅವರ ಪತ್ರಿಕೆಯಲ್ಲಿ ಕೆಲಸ ಮಾಡಿದವರೊಬ್ಬರು ನೆನಪಿಸಿಕೊಂಡಿದ್ದಾರೆ. ಕಬ್ಬಿಣ ಒಮ್ಮೆ ಕೊಂಡರೆ ಜೀವಮಾನಕ್ಕಾಯಿತು, ಪುಡಿ ತಿಂಗಳಿಗೊಮ್ಮೆ ಖಾಲಿಯಾಗುತ್ತದೆ. ಲಾಭ ಎಲ್ಲಿದೆ ಎಂದು ಹೇಳಬೇಕಿಲ್ಲ.

ಅದೇ ಯಾರ್ಕ್‌ನ ಕೆಲವು ಭಾರ ಎತ್ತುವವರಿಗೆ 1960ರ ಸುಮಾರಿಗೆ ಡಾ. ಜಾನ್ ಝೀಗ್ಲರ್ ಡಯನಬಾಲ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡತೊಡಗಿದ್ದರು. ದಾಖಲೆಗಳು ಏರಿದವು. ಮಾತ್ರೆಯ ಸುದ್ದಿ ಗುಟ್ಟಾಗಿಯೇ ಉಳಿಯಿತು, ಕೀರ್ತಿ ಪುಡಿಗೂ ಹೊಸ ವ್ಯಾಯಾಮ ವಿಧಾನಕ್ಕೂ ಹೋಯಿತು. ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಅನಾಹುತಕಾರಿ ಪುಟ ಇದೇ ಎನ್ನುವುದು ನನ್ನ ಅಭಿಪ್ರಾಯ. ಇಂದಿಗೂ ಹುಡುಗರು ಪೋಸ್ಟರಿನಲ್ಲಿರುವ ದೇಹ ನೋಡಿ ಪುಡಿ ಕೊಳ್ಳುತ್ತಾರೆ. ಅಂಥ ದೇಹ ಪುಡಿಯಿಂದ ಬಾರದಿದ್ದಾಗ ಕೆಲವರು ಸೂಜಿಯತ್ತ ಕೈಚಾಚುತ್ತಾರೆ. ಸ್ಟೀರಾಯ್ಡ್ ಒಳ್ಳೆಯ ಕೊಲೆಸ್ಟರಾಲನ್ನು ಕುಸಿಯುವಂತೆ ಮಾಡುತ್ತದೆ, ಹೃದಯದ ಸ್ನಾಯುವನ್ನು ದಪ್ಪವಾಗಿಸಿ ದುರ್ಬಲಗೊಳಿಸುತ್ತದೆ. ಜಿಮ್ ಸಾವುಗಳ ಸುದ್ದಿ ಬಂದಾಗಲೆಲ್ಲ ಪ್ರೋಟೀನ್ ಪುಡಿಯನ್ನು ಬೈಯುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಅತ್ತ ಚೀಸ್ ಕಾರ್ಖಾನೆಗಳದ್ದು ಬೇರೆಯೇ ತಲೆನೋವು. ಒಂದು ಕಿಲೋ ಚೀಸ್‌ಗೆ ಸುಮಾರು ಹತ್ತು ಲೀಟರ್ ಹಾಲು ಬೇಕು, ಅದರಲ್ಲಿ ಒಂಬತ್ತು ಪಾಲು ತಿಳಿಯಾಗಿ ಹೊರಬರುತ್ತದೆ. ಹಂದಿಗೆ ಕುಡಿಸಿದರು, ಹೊಲಕ್ಕೆ ಹರಿಸಿದರು, ಮಿಕ್ಕಿದ್ದನ್ನು ಹೊಳೆಗೆ ಬಿಟ್ಟರು. ತಿಳಿಯಲ್ಲಿರುವ ಸಕ್ಕರೆಯನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಹೀರಿದ್ದರಿಂದ ಮೀನುಗಳು ಸತ್ತವು. 1970ರ ದಶಕದಲ್ಲಿ ಮಾಲಿನ್ಯ ಕಾನೂನುಗಳು ಬಿಗಿಯಾದವು. ಅದೇ ಹೊತ್ತಿಗೆ ಸೂಕ್ಷ್ಮ ರಂಧ್ರಗಳ ಸೋಸು ಪೊರೆಗಳು ಡೇರಿಗಳಿಗೆ ಬಂದವು. ಪೊರೆ ನೀರು, ಉಪ್ಪು, ಸಕ್ಕರೆಯನ್ನು ದಾಟಿಸಿ ಪ್ರೋಟೀನನ್ನು ತಡೆದು ನಿಲ್ಲಿಸುತ್ತದೆ. ನೂರಕ್ಕೆ ಒಂದು ಪಾಲೂ ಪ್ರೋಟೀನ್ ಇಲ್ಲದ ತಿಳಿಯಿಂದ ಎಂಬತ್ತು ಪಾಲು ಪ್ರೋಟೀನ್ ಇರುವ ಪುಡಿ ಸಿದ್ಧ. ಅದು ಬೇಗ ಜೀರ್ಣವಾಗುತ್ತದೆ, ಸ್ನಾಯು ಕಟ್ಟಲು ಬೇಕಾದ ಲ್ಯೂಸಿನ್ ಅದರಲ್ಲಿ ಹೇರಳವಾಗಿದೆ ಎಂಬ ಗುಣಗಾನವೂ ಸೇರಿಕೊಂಡಿತು. ಗುಣ ಸುಳ್ಳಲ್ಲ, ಆದರೆ ಸರಕು ಮೊದಲು ಬಂದು ಗುಣಗಾನ ಆಮೇಲೆ ಬಂತು. ನಮ್ಮ ನಂದಿನಿ ಕೂಡ 2024ರ ಡಿಸೆಂಬರ್‌ನಲ್ಲಿ ವೇ ಪ್ರೋಟೀನ್ ಬೆರೆಸಿದ ಇಡ್ಲಿ-ದೋಸೆ ಹಿಟ್ಟನ್ನು ಮಾರುಕಟ್ಟೆಗೆ ತಂದಿತು.

ಪುಡಿಯ ಹೆಸರಿನಲ್ಲಿ ನಡೆಯುವ ಮೋಸಕ್ಕೂ ಹಳೆಯ ಬೇರಿದೆ. ಆಹಾರದ ಪ್ರೋಟೀನ್ ಅಳೆಯಲು 1883ರಲ್ಲಿ ಡೆನ್ಮಾರ್ಕಿನ ಯೊಹಾನ್ ಕೆಲ್ಡಾಲ್ ರೂಪಿಸಿದ ವಿಧಾನ ಇನ್ನೂ ಚಾಲ್ತಿಯಲ್ಲಿದೆ. ಅದು ಅಳೆಯುವುದು ಸಾರಜನಕವನ್ನು, ಪ್ರೋಟೀನನ್ನಲ್ಲ. ಅಗ್ಗದ ಗ್ಲೈಸಿನ್, ಟೌರಿನ್ ಬೆರೆಸಿದರೂ ಅಂಕಿ ಏರುತ್ತದೆ. 2008ರಲ್ಲಿ ಚೀನಾದ ಮಕ್ಕಳ ಹಾಲಿನ ಪುಡಿಗೆ ಮೆಲಮಿನ್ ಬೆರೆಸಿದ್ದೂ ಇದೇ ಲೆಕ್ಕಾಚಾರದಿಂದ. ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಶೇ 70ರಷ್ಟರ ಲೇಬಲ್ ಮೇಲಿನ ಪ್ರೋಟೀನ್ ಪ್ರಮಾಣ ಸರಿಯಿರಲಿಲ್ಲ. ಕೆಲವದರಲ್ಲಿ ಶಿಲೀಂಧ್ರದ ವಿಷವೂ ಇತ್ತು.

ಹಾಗಾದರೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಸಾಮಾನ್ಯರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಭಾರ ಎತ್ತುವವರಿಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯುವಿಗೆ ಹೆಚ್ಚಿನ ಲಾಭ ಕಾಣುವುದಿಲ್ಲವೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ಹೇಳಿತು. 70 ಕಿಲೋ ತೂಗುವವರಿಗೆ 112 ಗ್ರಾಂ ಎಂದಾಯಿತು. ನಾಲ್ಕು ಮೊಟ್ಟೆ, ಅರ್ಧ ಲೀಟರ್ ಹಾಲು-ಮೊಸರು, ನೂರು ಗ್ರಾಂ ಹುರುಳಿ ಅಥವಾ ಬೇಳೆ, ಒಂದು ಹಿಡಿ ಕಡಲೆಕಾಯಿ ಸೇರಿದರೆ 70 ದಾಟುತ್ತದೆ. ಮುದ್ದೆ, ಅನ್ನ, ಚಪಾತಿ ಇನ್ನು 25-30 ಗ್ರಾಂ ಕೊಡುತ್ತವೆ. ಕೋಳಿ-ಮೀನು ತಿನ್ನುವವರಿಗೆ ಮಿಕ್ಕಿದ್ದು ಕಷ್ಟವಲ್ಲ. ಮೊಟ್ಟೆಯನ್ನೂ ಮುಟ್ಟದವರಿಗೆ ಒಂದು ಸ್ಕೂಪ್ ಪುಡಿ ಕೊಡುವ ಸುಮಾರು 24 ಗ್ರಾಂ ಅನುಕೂಲವೇ. ಡಬ್ಬಿ ಅಮೃತವಲ್ಲ, ವಿಷವೂ ಅಲ್ಲ. ಐಸಿಎಂಆರ್ 2024ರ ಮಾರ್ಗಸೂಚಿ ಪುಡಿಗಳನ್ನು ಬಿಡಿ ಎಂದಿತು. ಈ ಸಲಹೆ ಶ್ರೀಸಾಮಾನ್ಯರಿಗೆ ಸರಿ, ದಿನವೂ ಕಬ್ಬಿಣ ಎತ್ತುವ ಸಸ್ಯಾಹಾರಿಗೆ ಸ್ವಲ್ಪ ಬಿಗಿಯಾಯಿತು ಅನ್ನಿಸುತ್ತದೆ.

ಪ್ರೋಟೀನಿನ ಈ ಗದ್ದಲದಲ್ಲಿ ಮರೆಯಾದದ್ದು ಉಳಿದ ತಟ್ಟೆ. ಗರಡಿಯ ಪೈಲ್ವಾನರಿಗೆ ಹಾಲು, ತುಪ್ಪ, ಬಾದಾಮಿ ಒಗ್ಗುತ್ತಿದ್ದುದು ಬೆಳಿಗ್ಗೆ ಸಂಜೆ ನೂರಾರು ದಂಡ, ಬಸ್ಕಿ ಹೊಡೆದು, ಮಟ್ಟಿಯ ಮಣ್ಣಲ್ಲಿ ಹೊರಳುತ್ತಿದ್ದ ಕಾರಣಕ್ಕೆ. ಸಾಮು ಬಿಟ್ಟರೂ ಊಟ ಬಿಡದವರಿಗೆ ನಡುವಯಸ್ಸಿನಲ್ಲಿ ಹೊಟ್ಟೆ, ಬಿಪಿ, ಸಕ್ಕರೆ ಕಾಯಿಲೆ ಬಂದವು. ಇಂದಿನ ಜಿಮ್ ಹುಡುಗರ ತಟ್ಟೆಯಲ್ಲಿ ಕೋಳಿ, ಮೊಟ್ಟೆಯ ಬಿಳಿ ಇವೆ, ಸೊಪ್ಪು, ಕಾಳು, ಹಣ್ಣು ಇಲ್ಲ. ನಾರಿನಂಶವಿಲ್ಲದೆ ಕರುಳೂ ಕೊಲೆಸ್ಟರಾಲೂ ಕೆಡುತ್ತವೆ. ತೋಳು ನೋಡಿ ಆರೋಗ್ಯ ಅಳೆಯುವ ಹಾಗಿಲ್ಲ.

ಆದ್ದರಿಂದ ಭಾರ ಎತ್ತುವ ಓದುಗರಲ್ಲಿ ಒಂದು ಮನವಿ. ವರ್ಷಕ್ಕೊಮ್ಮೆ ರಕ್ತದೊತ್ತಡ, ಕೊಲೆಸ್ಟರಾಲ್, ಸಕ್ಕರೆ ಪರೀಕ್ಷೆ ಮಾಡಿಸಿ. ಕಿಡ್ನಿ ತೊಂದರೆ ಮೊದಲೇ ಇದ್ದರೆ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ. ಸ್ನಾಯು ಹೆಚ್ಚಿರುವವರಲ್ಲಿ, ಕ್ರಿಯಾಟಿನ್ ತೆಗೆದುಕೊಳ್ಳುವವರಲ್ಲಿ ಕಿಡ್ನಿ ಸರಿಯಿದ್ದರೂ ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಅಂಕಿ ಹೆಚ್ಚು ಬರಬಹುದು. ಏನೇನು ತೆಗೆದುಕೊಳ್ಳುತ್ತೀರೆಂದು ಮೊದಲೇ ವೈದ್ಯರಿಗೆ ಹೇಳಿ. ಅನುಮಾನವಿದ್ದರೆ ಸಿಸ್ಟಾಟಿನ್-ಸಿ ಎಂಬ ಇನ್ನೊಂದು ಪರೀಕ್ಷೆಯಿದೆ, ಅದರ ಬಗ್ಗೆ ಕೇಳಿ.