ಕರಿಕಲ್ಲಿನಡಿ ತೈಲವಿದೆಯೇ?

ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಸುತ್ತಲಿನ ನೆಲವನ್ನು ಅಗೆದರೆ ಸಿಗುವುದು ಕರಿಕಲ್ಲು; ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸ. ತೈಲ, ಅನಿಲಗಳು ಹುಟ್ಟುವುದು ಇದರಲ್ಲಲ್ಲ. ಜೀವಿಗಳ ಅವಶೇಷ ಹುದುಗಿದ ಕೆಸರು ಗಟ್ಟಿಯಾಗಿ ರೂಪುಗೊಂಡ ಪದರಗಲ್ಲಿನಲ್ಲಿ. ಅಂಥ ಪದರಗಲ್ಲು ಕರಿಕಲ್ಲಿನಡಿ ಅಡಗಿದೆಯೇ ಎಂಬುದೇ ಪ್ರಶ್ನೆ.

ಅದನ್ನು ಅರಿಯುವುದು ಸುಲಭವಲ್ಲ. ನೆಲದೊಳಕ್ಕೆ ಕಳುಹಿಸಿದ ಕಂಪನದ ಅಲೆಗಳನ್ನು ಲಾವಾ ಪದರಗಳು ಚದುರಿಸುತ್ತವೆ. ಆದ್ದರಿಂದ ಗುರುತ್ವ ಹಾಗೂ ವಿದ್ಯುತ್ ವಾಹಕತೆಯ ಅಳತೆಗಳನ್ನೂ ಕೂಡಿಸಿ ನೋಡುತ್ತಾರೆ. ಅಂತಿಮ ಸಾಕ್ಷಿ ಕೊರೆದ ಬಾವಿಯೇ.

ಗುಜರಾತಿನ ಸೌರಾಷ್ಟ್ರದಲ್ಲಿ ಇದೇ ಕರಿಕಲ್ಲಿನಡಿ ದಪ್ಪನೆಯ ಪದರಗಲ್ಲು ದೊರೆತಿದೆ. ಆದರೆ 1993ರ ಭೂಕಂಪದ ಬಳಿಕ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ವಿಜ್ಞಾನಿಗಳು ಕೊರೆದಾಗ 338 ಮೀಟರ್ ಕರಿಕಲ್ಲು, ಅದರಡಿ ಕೇವಲ 8 ಮೀಟರ್ ಪದರಗಲ್ಲು, ಆಮೇಲೆ ಪುರಾತನ ಬುನಾದಿ ಶಿಲೆ ಸಿಕ್ಕಿತು. ಒಂದೇ ಬಾವಿ ಇಡೀ ಸೀಮೆಯ ತೀರ್ಪಲ್ಲ. ಆದರೂ ಅದು ನಮ್ಮ ಆಸೆಗೆ ಮಿತಿ ಹಾಕುತ್ತದೆ.

ಪಾಲಕರೇ, ತೈಲದ ವದಂತಿ ನಂಬಿ ಹೊಲದ ವ್ಯವಹಾರಕ್ಕೆ ಕೈಹಾಕುವ ಮುನ್ನ ಕೇಳಿರಿ: ಎಲ್ಲಿ ಕೊರೆದರು? ಪದರಗಲ್ಲು ಎಷ್ಟು ದಪ್ಪ ಸಿಕ್ಕಿತು? ಈ ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಬಲ್ಲ ಮಕ್ಕಳು ನಮ್ಮ ಶಾಲೆಗಳಿಂದ ಹೊರಬರಲಿ.